ಆಡುಸೋಗೆ ಬಗ್ಗೆ ನಾನು ಹೇಳಿದ್ದು ಅಷ್ಟೇ ಅಲ್ಲ

ಒಂದು ನಿಮಿಷವೂ ಇಲ್ಲದ ಒಂದು ವಿಡಿಯೋದಲ್ಲಿ ನಾನಿದ್ದೇನೆ. ಹಸಿರು ಸೀರೆ ಉಟ್ಟು, ತುಮಕೂರಿನ ಮರಳೂರಿನಲ್ಲಿರುವ ನಮ್ಮ ಮನೆಯ ಕಾಂಪೌಂಡಿಗೆ ಒರಗಿ ನಿಂತು, ಆಡುಸೋಗೆಯ ರೆಂಬೆಯೊಂದನ್ನು ಕೈಯಲ್ಲಿ ಹಿಡಿದು, "ನಮ್ಮಮ್ಮ ದಿನಾ ಎರಡು ಲೋಟ ಕುಡೀತಿದ್ರು" ಎಂದು ನಗುತ್ತೇನೆ. ಮುಖ ನನ್ನದೇ, ದನಿಯೂ ನನ್ನದೇ. ನಾನು ಹೇಳಿದ್ದು ಮಾತ್ರ ಅದಲ್ಲ. ಆ ವಾಕ್ಯಕ್ಕೆ ಇನ್ನೂ ಅರ್ಧ ಇತ್ತು. ಆ ಅರ್ಧವನ್ನು ಕತ್ತರಿಸಿ ಎಸೆದವನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಯುವುದು ಬೇಡವೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆಯಲ್ಲಿ ನಮ್ಮದು ಉರ್ದು. ತವರು ಕುಣಿಗಲ್. ನನ್ನ ತಾಯಿಯ ತಂದೆ, ನಮ್ಮ ನಾನಾ, ಅಲ್ಲಿ ಗ್ರಂಥಿಗೆ ಅಂಗಡಿ ಇಟ್ಟಿದ್ದರು. ಬೇರು, ತೊಗಟೆ, ಒಣಗಿದ ಹೂವು, ಕಾಯಿಗಳನ್ನು ಗೋಣಿಚೀಲಗಳಲ್ಲಿ ತುಂಬಿಟ್ಟುಕೊಂಡು ತೂಗಿ ಮಾರುವ ಅಂಗಡಿ. ಅಮ್ಮಿ ಬೆಳೆದದ್ದು ಆ ಚೀಲಗಳ ನಡುವೆಯೇ. ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನಿಂತರೂ, ಯಾವ ಬೇರನ್ನು ಯಾರಿಗೆ ಕೊಡಬೇಕು ಅನ್ನುವುದು ಅವರಿಗೆ ಬಾಯಿಪಾಠ. ಯಾರಿಗೆ ಕೊಡಬಾರದು ಅನ್ನುವುದು ಅದಕ್ಕಿಂತ ಚೆನ್ನಾಗಿ ಗೊತ್ತು.

ನನ್ನ ಗಂಡ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಗ್ರೈಂಡಿಂಗ್ ಕೆಲಸ ಮಾಡುತ್ತಾರೆ. ಐದು ವರ್ಷದ ಹಿಂದೆ ಅವರಿಗೆ ಕೆಮ್ಮು ಹಿಡಿಯಿತು. ಡಾಕ್ಟರಿಗೆ ತೋರಿಸಿದೆವು, ಎಕ್ಸ್‌ರೇ ತೆಗೆಸಿದೆವು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕೆಲಸ ಮಾಡಿ ಎಂದರು, ಸಿರಪ್ ಬರೆದುಕೊಟ್ಟರು. ಎಲ್ಲ ಆದಮೇಲೂ ಬೆಳಗಿನ ಹೊತ್ತು ಅವರ ಎದೆಯಲ್ಲಿ ಕಫ ಗರಗರ ಅನ್ನುವುದು ನಿಲ್ಲಲಿಲ್ಲ. ಅಮ್ಮಿಗೆ ಫೋನ್ ಮಾಡಿದಾಗ, "ಬಂದು ಅಡೂಸಾ ಕಡ್ಡಿ ತಗೊಂಡು ಹೋಗು" ಎಂದರು. ಉರ್ದುವಿನ ಅಡೂಸಾವೇ ಕನ್ನಡದ ಆಡುಸೋಗೆ.

ಕುಣಿಗಲ್ಲಿನ ಮನೆಯ ಹಿತ್ತಿಲಿಗೆ ಬೇಲಿಯೇ ಅದು. ಆಳೆತ್ತರದ ಪೊದೆ, ಮಾವಿನೆಲೆಯ ಆಕಾರ, ಆದರೆ ಮೆತ್ತಗಿನ ಎಲೆ. ಕಿವುಚಿದರೆ ಒಂದು ಥರ ವಾಕರಿಕೆ ಬರುವ ವಾಸನೆ. ದನ ಮೂಸಿ ಹಾಗೇ ಮುಂದಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಬಿಳಿ ಹೂವು ಬಿಡುತ್ತದೆ, ಒಳಗೆ ನೇರಳೆ ಗೀರು, ನೋಡಿದರೆ ಯಾವುದೋ ಪ್ರಾಣಿ ಬಾಯಿ ತೆರೆದ ಹಾಗೆ. ಅಮ್ಮಿ ಕಿರುಬೆರಳು ದಪ್ಪದ ಬಲಿತ ಕಡ್ಡಿಗಳನ್ನು ಆರಿಸಿ, ಒಂದೊಂದರಲ್ಲೂ ನಾಲ್ಕು ಗೆಣ್ಣು ಇರುವ ಹಾಗೆ ಓರೆಯಾಗಿ ಕತ್ತರಿಸಿ, ಮೇಲಿನ ತುದಿಗೆ ಸಗಣಿ ಮೆತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟರು. ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತುಮಕೂರಿಗೆ ಬಂದೆ.

ನಮ್ಮ ಸೈಟಿನ ಮಣ್ಣು ಮಣ್ಣೇ ಅಲ್ಲ. ಜಲ್ಲಿ, ಸಿಮೆಂಟ್ ಹೆಂಟೆ, ಟೈಲ್ಸ್ ಚೂರು. ಕಾಂಪೌಂಡಿನ ಹೊರಗೆ ಮೊಣಕಾಲುದ್ದ ಅಗೆದು ಅದನ್ನೆಲ್ಲ ತೆಗೆದು, ಕೆಮ್ಮಣ್ಣು, ಮರಳು, ಹಳೇ ಗೊಬ್ಬರ ಕಲಸಿ ತುಂಬಿಸಿದೆ. ಮೊದಲ ಸಲ ನೆಟ್ಟ ಕಡ್ಡಿಗಳೆಲ್ಲ ಕೊಳೆತವು. ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಒಂದು ಬಿಂದಿಗೆ ನೀರು ಸುರಿದಿದ್ದೆ. "ಅದಕ್ಕೇನು ದಾಹವಾ? ಬೇರು ಬಂದೇ ಇಲ್ಲ, ಕುಡಿಯೋದು ಎಲ್ಲಿಂದ?" ಎಂದು ಅಮ್ಮಿ ಬೈದರು. ಎರಡನೇ ಸಲ ಮಳೆಗಾಲದ ಮುಂಚೆ ನೆಟ್ಟು, ಮಣ್ಣು ಬೆರಳಿಗೆ ತಂಪು ತಾಗುವಷ್ಟೇ ನೀರು ಕೊಟ್ಟೆ. ಏಳರಲ್ಲಿ ಐದು ಹಿಡಿದವು. ಹೂವು ಮುಗಿದ ಮೇಲೆ ಅರ್ಧಕ್ಕೆ ಸವರಬೇಕು, ಔಷಧಿಗೆ ಕೆಳಗಿನ ಬಲಿತ ಎಲೆಯನ್ನೇ ಕೀಳಬೇಕು, ಕುಡಿ ಮುಟ್ಟಬಾರದು, ಒಂದೇ ಗಿಡವನ್ನು ಬೋಳಿಸಬಾರದು. ಇದನ್ನೆಲ್ಲ ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ಗಂಡನಿಗೆ ಎಲೆಯನ್ನು ಆವಿಯಲ್ಲಿ ಬಾಡಿಸಿ ಹಿಂಡಿದ ರಸ ಒಂದು ಚಮಚ, ಜೇನು ಒಂದು ಚಮಚ, ನಾಲ್ಕು ದಿನ, ಆಮೇಲೆ ನಿಲ್ಲಿಸುವುದು. ಅವರ ಕೆಮ್ಮು ಮಾಯವಾಯಿತು ಅನ್ನಲಾರೆ. ಕಫ ಸಡಿಲವಾಗಿ ಬೆಳಗಿನ ಹೊತ್ತು ಉಸಿರಾಟ ಸಲೀಸಾಯಿತು, ಅಷ್ಟು ನಿಜ.

ಬೀದಿಯವರು ಎಲೆ ಕೇಳಿಕೊಂಡು ಬರತೊಡಗಿದರು. ನಾನು ಕೇಳಿ ಕೊಡುತ್ತಿದ್ದೆ. ಯಾರಿಗೆ, ಎಷ್ಟು ದಿನದ ಕೆಮ್ಮು, ವಯಸ್ಸೆಷ್ಟು. ಎದುರು ಮನೆಯ ಅಕ್ಕನಿಗೆ ನನ್ನ ಈ ಪ್ರಶ್ನೆಗಳು ತಮಾಷೆ. "ಏನ್ ಮಿಸ್, ಒಂದಿಡಿ ಸೊಪ್ಪಿಗೆ ಇಷ್ಟೊಂದ್ ಇಂಟರ್‌ವ್ಯೂ?" ಎನ್ನುತ್ತಿದ್ದರು. ಒಳ್ಳೆಯ ಹೆಂಗಸೇ. ರಂಜಾನಿಗೆ ನಮ್ಮ ಮನೆಯ ಶೀರ್ ಕುರ್ಮಾ ಕೇಳಿ ಕುಡಿದು, ಯುಗಾದಿಗೆ ಒಬ್ಬಟ್ಟು ಕಳಿಸುವವರು.

ಅವರ ತಮ್ಮನಿಗೆ ಗುಬ್ಬಿಯಲ್ಲಿ ಫೋಟೋ ಸ್ಟುಡಿಯೋ ಇದೆ. ಜೊತೆಗೆ ಮನೆಮದ್ದಿನ ಒಂದು ಚಾನೆಲ್ಲು. ಹೋದ ವರ್ಷ ಜನವರಿಯಲ್ಲಿ ಅಕ್ಕನನ್ನು ನೋಡಲು ಬಂದವನು ಹೂ ತುಂಬಿದ ನಮ್ಮ ಬೇಲಿ ನೋಡಿ ನಿಂತ.

"ಮೇಡಂ, ಒಂದ್ ವಿಡಿಯೋ ಮಾಡೋಣ್ವಾ? ನೀವು ಟೀಚರ್ರು, ಚೆನ್ನಾಗ್ ಮಾತಾಡ್ತೀರ. ಜನಕ್ಕೆ ಉಪಯೋಗ ಆಗುತ್ತೆ."

ಜನಕ್ಕೆ ಉಪಯೋಗ ಎಂದ ಕೂಡಲೇ ನಾನು ಉಬ್ಬಿದೆ. ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದೆ. ಇದನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆ. ಕಡ್ಡಿ ನೆಡುವುದರಿಂದ ಹಿಡಿದು ಎಲೆ ಬಾಡಿಸುವವರೆಗೆ. ಮತ್ತೆ ಹೀಗೆ ಹೇಳಿದೆ: "ಒಂದು ಸಲ ನಮ್ಮಮ್ಮ ಚಿಕ್ಕವರಿದ್ದಾಗ, ಬೇಗ ವಾಸಿಯಾಗಲಿ ಅಂತ ದಿನಾ ಎರಡು ಲೋಟ ಕುಡೀತಿದ್ರು. ಮೂರನೇ ದಿನಕ್ಕೆ ವಾಂತಿ ಭೇದಿ ಶುರುವಾಗಿ ಮಲಗಿಬಿಟ್ರು. ನಮ್ಮ ತಾತ, ಇದು ಔಷಧಿ ಕಣೇ, ಪಾನಕ ಅಲ್ಲ ಅಂತ ಬೈದ್ರಂತೆ." ಆಮೇಲೆ ಕ್ಯಾಮೆರಾವನ್ನೇ ನೋಡಿ, ಪಾಠ ಮಾಡುವ ಹಾಗೆ ಒಂದೊಂದೇ ಪದ ಬಿಡಿಸಿ ಹೇಳಿದೆ: "ಬಸುರಿ ಹೆಂಗಸರು ಇದನ್ನ ಮುಟ್ಟಲೇಬಾರದು. ಗರ್ಭ ಇಳಿಸೋ ಗುಣ ಇದೆ ಇದಕ್ಕೆ. ಸಣ್ಣ ಮಕ್ಕಳಿಗೂ ಕೊಡಬೇಡಿ. ಡಾಕ್ಟರನ್ನ ಕೇಳದೆ ಯಾರೂ ವಾರಗಟ್ಟಲೆ ಕುಡೀಬೇಡಿ."

ಅವನು ಹೆಬ್ಬೆರಳು ಎತ್ತಿ ತೋರಿಸಿದ.

ಹತ್ತು ದಿನದ ಮೇಲೆ ಲಿಂಕ್ ಕಳಿಸಿದ. ಗುಬ್ಬಿಯಿಂದ ಬರುವ ಬಸ್ಸಿನಲ್ಲಿದ್ದೆ, ಇಯರ್‌ಫೋನ್ ಇರಲಿಲ್ಲ. ದನಿ ಮುಚ್ಚಿಕೊಂಡೇ ನೋಡಿದೆ. ಹೂವು, ಎಲೆ, ನನ್ನ ನಗು. ಚೆನ್ನಾಗಿ ಕಾಣುತ್ತಿದ್ದೆ. ಖುಷಿಯಿಂದ ತವರಿನ ವಾಟ್ಸಾಪ್ ಗುಂಪಿಗೂ ಶಾಲೆಯ ಗುಂಪಿಗೂ ಕಳಿಸಿಬಿಟ್ಟೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪೂರ್ತಿ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ಹೇಳುತ್ತಾ ಬಂದವಳು, ಕೇಳಿಸಿಕೊಳ್ಳದೆ ಹಂಚಿದೆ. ಅವನ ಮೇಲಿನ ಸಿಟ್ಟಿನಲ್ಲಿ ನನ್ನ ಪಾಲೂ ಇದೆ ಎಂದು ಆಗಾಗ ನನಗೆ ನಾನೇ ಹೇಳಿಕೊಳ್ಳುವುದು ಇದಕ್ಕೇ.

ಆ ವಾರವೇ ಬೇಲಿ ಬೋಳಾಗತೊಡಗಿತು. ಗುರುತಿಲ್ಲದವರು ಸ್ಕೂಟರ್ ನಿಲ್ಲಿಸಿ ರೆಂಬೆ ರೆಂಬೆಯನ್ನೇ ಮುರಿದುಕೊಂಡು ಹೋಗುತ್ತಿದ್ದರು. ಕೇಳಿದರೆ, "ಅಯ್ಯೋ, ನೀವೇ ಕರ್ದಿದೀರಲ್ಲ ವಿಡಿಯೋದಲ್ಲಿ" ಎನ್ನುತ್ತಿದ್ದರು. ನಾನು ಯಾರನ್ನೂ ಕರೆದಿರಲಿಲ್ಲ. ವಿಡಿಯೋದ ಕೆಳಗೆ ನಮ್ಮ ಬೀದಿಯ ಹೆಸರನ್ನೂ ಅವನು ಹಾಕಿದ್ದನಂತೆ. ಗಿಡಕ್ಕೆ ಯಾರೋ ಪರಚಿ ಗಾಯ ಮಾಡಿದ ಹಾಗಿತ್ತು. ತೊಗಟೆ ಸೀಳಿ ನೇತಾಡುತ್ತಿದ್ದ ಕಡೆಗೆಲ್ಲ ಸಗಣಿ ಮೆತ್ತುತ್ತಾ ಗೊಣಗಿಕೊಂಡೆ. ಆಗಲೂ ಆ ವಿಡಿಯೋವನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಎದುರು ಮನೆಯ ಅಕ್ಕ ಮಡಿಲು ತುಂಬ ಎಲೆ ಕಿತ್ತುಕೊಳ್ಳುತ್ತಿದ್ದರು.

"ಯಾರಿಗಕ್ಕಾ?" ಎಂದೆ, ಅಭ್ಯಾಸದಂತೆ.

"ನಮ್ ಸೊಸೆಗೆ ಕಣ್ರೀ. ಮೂರು ದಿನದಿಂದ ಒಂದೇ ಸಮ ಕೆಮ್ಮು."

ಅವರ ಸೊಸೆಗೆ ಐದು ತಿಂಗಳು. ಗುಡಿಸುತ್ತಿದ್ದ ಪೊರಕೆ ಬಿಟ್ಟು ಅವರ ಹತ್ತಿರ ಹೋದೆ.

"ಬಸುರಿಗೆ ಕೊಡಬಾರದು ಅಕ್ಕ ಇದನ್ನ! ಕೊಟ್ಟಿದೀರಾ?"

"ನಿನ್ನೆ ಮೊನ್ನೆಯಿಂದ ಕೊಡ್ತಿದೀನಿ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ನೀವೇ ಹೇಳಿದೀರಲ್ಲ ಮಿಸ್."

"ನಾನು ಎಲ್ಲಿ ಹೇಳ್ದೆ?"

"ಏನ್ರೀ ಹಿಂಗಂತೀರ? ಸೊಪ್ಪೆಲ್ಲ ಖಾಲಿಯಾಯ್ತು ಅಂತ ಹೊಟ್ಟೆ ಉರೀನಾ? ಊರಿಗೆಲ್ಲ ಕೊಡ್ತೀರ, ನಮ್ಗೆ ಮಾತ್ರ ಬೇಡ್ವಾ?" ಎಂದು ಅವರು ಸೆರಗು ಕೊಡವಿಕೊಂಡು, ಫೋನ್ ತೆಗೆದು ನನ್ನ ಮುಖಕ್ಕೇ ಹಿಡಿದರು.

ಆಗ ಮೊದಲ ಸಲ ದನಿಯ ಸಮೇತ ಕೇಳಿದೆ. ಕೆಮ್ಮಿಗೆ ಇದಕ್ಕಿಂತ ಒಳ್ಳೆಯದಿಲ್ಲ ಎನ್ನುತ್ತೇನೆ. ನಮ್ಮಮ್ಮ ದಿನಾ ಎರಡು ಲೋಟ ಕುಡೀತಿದ್ರು ಎನ್ನುತ್ತೇನೆ. ತಕ್ಷಣ ಸಂಗೀತ, ದೊಡ್ಡ ಅಕ್ಷರದಲ್ಲಿ 'ಎಲ್ಲರೂ ಕುಡಿಯಬಹುದಾದ ಮನೆಮದ್ದು'. ವಾಂತಿಯಿಲ್ಲ, ತಾತನ ಬೈಗುಳವಿಲ್ಲ, ಬಸುರಿಯರಿಲ್ಲ, ಮಕ್ಕಳಿಲ್ಲ.

ನಾನು ಅಕ್ಕನನ್ನು ದಾಟಿಕೊಂಡು ಅವರ ಮನೆಯೊಳಗೆ ಹೋದೆ. ಚಪ್ಪಲಿ ಬಿಟ್ಟೆನೋ ಇಲ್ಲವೋ ನೆನಪಿಲ್ಲ. ಸೊಸೆ ಅಡಿಗೆಮನೆಯ ಬಾಗಿಲಿನಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದಳು. ಕುಣಿಗಲ್ ಕಡೆಯ ಹುಡುಗಿ, ಮಾತು ಕಡಿಮೆ. ರಾತ್ರಿಯಿಂದ ಕಿಬ್ಬೊಟ್ಟೆ ಹಿಂಡಿದ ಹಾಗಾಗುತ್ತಿದೆ, ಗ್ಯಾಸ್ ಇರಬೇಕು ಅಂದುಕೊಂಡೆ ಎಂದಳು. ಒಲೆಯ ಮೇಲೆ ಪಾತ್ರೆಯಲ್ಲಿ ಕಷಾಯ ಕುದಿಯುತ್ತಿತ್ತು. ಅದನ್ನು ಸಿಂಕಿಗೆ ಸುರಿದೆ.

ಆಟೋದಲ್ಲಿ ಹೋಗುವಾಗ ಅವಳು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದ ಮಾತು ನನ್ನನ್ನು ಇವತ್ತಿಗೂ ಕುಟುಕುತ್ತದೆ. "ಅತ್ತೆ ಹೇಳಿದ್ರೆ ನಾನ್ ಕುಡೀತಿರ್ಲಿಲ್ಲ ಮಿಸ್. ನೀವು ಹೇಳಿದೀರ ಅಂತ ಕುಡ್ದೆ."

ಕ್ಲಿನಿಕ್ಕಿನ ಲೇಡಿ ಡಾಕ್ಟರು ಅವಳನ್ನು ಒಳಗೆ ಮಲಗಿಸಿ, ಸ್ಕ್ಯಾನ್ ಮಾಡಿ, ಅರ್ಧ ಗಂಟೆಯ ಮೇಲೆ ಹೊರಗೆ ಬಂದರು. ಸದ್ಯಕ್ಕೆ ಮಗುವಿಗೆ ತೊಂದರೆಯಿಲ್ಲ, ಆದರೆ ನೋವು ನಿಲ್ಲುವವರೆಗೆ ಅಡ್ಮಿಟ್ ಆಗಬೇಕು, ಆಮೇಲೂ ಪೂರ್ತಿ ರೆಸ್ಟ್ ಎಂದರು. ಏನು ಕೊಟ್ಟಿರಿ ಎಂದು ಕೇಳಿದಾಗ ಅಕ್ಕ ಒಂದು ಕ್ಷಣವೂ ತಡೆಯದೆ ನನ್ನ ಕಡೆ ಬೆರಳು ತೋರಿಸಿದರು. "ಇವರ್ ಮನೆ ಸೊಪ್ಪು ಡಾಕ್ಟ್ರೇ. ಇವ್ರೇ ವಿಡಿಯೋದಲ್ಲಿ ಹೇಳಿದ್ದು."

"ನೀವೇನ್ ಕೆಲಸ ಮಾಡೋದು?" ಎಂದು ಡಾಕ್ಟರು ಕೇಳಿದರು.

"ಟೀಚರ್."

"ಓದ್ದೋರೇ ಹಿಂಗ್ ಮಾಡಿದ್ರೆ ಹೆಂಗ್ರೀ? ಗಿಡ ಇದೆ ಅಂತ ಸಿಕ್ ಸಿಕ್ದೋರಿಗೆಲ್ಲ ಔಷಧಿ ಹೇಳೋದಾ? ನಾಚಿಕೆ ಆಗ್ಬೇಕು."

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಹೇಳಿದ್ದು ಅದಲ್ಲ ಎಂದು ಬಾಯಿ ತೆರೆದೆ. ಅವರು ಆಗಲೇ ಒಳಗೆ ಹೋಗಿದ್ದರು. ಡಾಕ್ಟರ ಮೇಲೆ ನನಗೆ ಕೋಪವಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ನಾಲ್ಕು ಮಾತು ಜಾಸ್ತಿ ಅನ್ನುತ್ತಿದ್ದೆ. ಆದರೆ ಯಾವುದನ್ನು ಬೇಡ ಬೇಡವೆಂದು ಒತ್ತಿ ಹೇಳಿದ್ದೆನೋ, ಅದನ್ನೇ ಮಾಡಿಸಿದವಳು ಎಂದು ನಿಲ್ಲಬೇಕಾಯಿತಲ್ಲ, ಆ ಉರಿಯನ್ನು ಹೇಗೆ ಬರೆಯಲಿ? ಸುಳ್ಳು ಹೇಳಿ ಸಿಕ್ಕಿಬಿದ್ದವರಿಗೆ ಕನಿಷ್ಠ ಸುಳ್ಳಾದರೂ ತಮ್ಮದಾಗಿರುತ್ತದೆ. ನನಗೆ ಅದೂ ಇರಲಿಲ್ಲ.

ಅಷ್ಟರಲ್ಲಿ ಕುಣಿಗಲ್ಲಿನಲ್ಲಿ ಯಾರೋ ಅಮ್ಮಿಗೂ ಅದನ್ನು ತೋರಿಸಿದ್ದರು. ಆ ಸಂಜೆ ಫೋನಿನಲ್ಲಿ ಅಮ್ಮಿ ಬೈಯಲಿಲ್ಲ. "ನಾನು ಎರಡು ಲೋಟ ಕುಡಿದು ಸಾಯೋ ಹಾಗಾಗಿದ್ದನ್ನ ನೀನು ಹೀಗೆ ನಗ್ತಾ ಹೇಳೋದಾ ಮಗಳೇ? ನಮ್ಮಪ್ಪನ ಅಂಗಡಿ ಹೆಸರು ಏನಾಗಬೇಕು?" ಎಂದಷ್ಟೇ ಅಂದು ಇಟ್ಟುಬಿಟ್ಟರು.

ಮರುದಿನ ಶಾಲೆಯಲ್ಲಿ ಮಧ್ಯಾಹ್ನದ ರಜೆ ಹಾಕಿ ಸ್ಟುಡಿಯೋಗೆ ನಡೆದೆ. ಅವನು ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಅಕ್ಕ ಫೋನ್ ಮಾಡಿದ್ಲು. ಈಗೇನೂ ತೊಂದ್ರೆ ಇಲ್ವಂತಲ್ಲ, ಟೆನ್ಷನ್ ತಗೋಬೇಡಿ."

"ಬಸುರಿಯರು ಮುಟ್ಟಬಾರದು ಅಂತ ನಾನು ಹೇಳಿದ್ದನ್ನ ಯಾಕೆ ತೆಗೆದೆ?" ಮೊದಲೆಲ್ಲ ಅವನಿಗೆ ಬಹುವಚನವೇ ಬಳಸುತ್ತಿದ್ದೆ. ಅವತ್ತು ನಾಲಿಗೆ ಏಕವಚನಕ್ಕೆ ಇಳಿಯಿತು.

"ಅಷ್ಟುದ್ದ ಯಾರೂ ನೋಡಲ್ಲ ಮೇಡಂ. ಬೇಡ, ಬಾರದು, ಮಾಡಬೇಡಿ ಅಂತ ಹಾಕಿದ್ರೆ ನೆಗೆಟಿವ್ ಆಗುತ್ತೆ. ಪಾಸಿಟಿವ್ ಇದ್ರೇನೇ ಓಡೋದು."

"ನಾನು ಹಾಗೆ ಹೇಳಿದ್ದು ನಿನಗೆ ಕೇಳಿಸಿತ್ತಾ?"

"ಅದು… ನೆನಪಿಲ್ಲ. ಶೂಟ್ ಮಾಡೋವಾಗ ಎಲ್ಲ ಕೇಳಿಸ್ಕೊಳ್ಳಕ್ಕಾಗಲ್ಲ."

"ಪೂರ್ತಿ ವಿಡಿಯೋ ಇದೆಯಾ?"

ಅದು ಕಂಪ್ಯೂಟರಿನಲ್ಲಿತ್ತು. ಹಾಕು ಎಂದೆ. ಈಗ ಗಿರಾಕಿ ಇದ್ದಾರೆ ಎಂದ. ಇರಲಿ, ಅವರೂ ನೋಡಲಿ ಎಂದು ಸ್ಟೂಲ್ ಎಳೆದುಕೊಂಡು ಕೂತೆ. ಫೋಟೋಗೆ ಬಂದಿದ್ದ ಇಬ್ಬರು ಹೆಂಗಸರೂ ಹತ್ತಿರ ಸರಿದರು. ವಾಂತಿಯ ಕಥೆ ಬಂತು. ತಾತ ಬೈದದ್ದು ಬಂತು. ಪರದೆಯ ಮೇಲಿನ ನಾನು ಬೆರಳೆತ್ತಿ, ಬಸುರಿ ಹೆಂಗಸರು ಇದನ್ನ ಮುಟ್ಟಲೇಬಾರದು ಎಂದೆ. ಅದರ ಬೆನ್ನಿಗೇ, ಕ್ಯಾಮೆರಾದ ಹಿಂದಿನಿಂದ, ಅವನದೇ ದನಿ ಸ್ಪಷ್ಟವಾಗಿ ಕೇಳಿಸಿತು: "ಸೂಪರ್ ಮೇಡಂ, ಇದು ತುಂಬಾ ಮುಖ್ಯ."

ಅವನ ಕೈಯಲ್ಲಿನ ಕತ್ತರಿ ಹಾಗೇ ತೆರೆದುಕೊಂಡಿತ್ತು.

ಹೆಂಗಸರಲ್ಲೊಬ್ಬರು, "ಥೂ, ಕೇಳಿಸ್ಕೊಂಡೂ ತೆಗ್ದವ್ನಲ್ಲ!" ಎಂದರು.

"ನಿನ್ನ ಅಕ್ಕನ ಸೊಸೆ ಕಣೋ ಅವಳು. ಯಾರೋ ಎಲ್ಲಿಯವರೋ ಅಲ್ಲ. ನಿನ್ನ ಮನೆಯವಳು!" ಎಂದು ಕೂಗಿದೆ. ಕ್ಲಾಸಿನಲ್ಲೂ ಅಷ್ಟು ಜೋರಾಗಿ ಕೂಗಿದವಳಲ್ಲ ನಾನು. "ಬೇರೆಯವರ ಮನೆಯವಳಾಗಿದ್ರೂ ಇಷ್ಟೇ."

ಅವನು ಅಲ್ಲೇ ಆ ವಿಡಿಯೋ ಅಳಿಸಿದ. ನಾನು ಏಳಲಿಲ್ಲ. ಪೂರ್ತಿ ಇಪ್ಪತ್ತು ನಿಮಿಷದ್ದನ್ನು, ಎಚ್ಚರಿಕೆಯ ಮಾತನ್ನು ಮೊದಲಿಗಿಟ್ಟು, ಹಳೆಯದು ತಪ್ಪು ಎಂದು ಬರೆದು ಹಾಕುವವರೆಗೆ ಅಲ್ಲೇ ಕೂತಿದ್ದೆ. ಕ್ಷಮಿಸಿ ಅನ್ನುವ ಪದ ಅವನ ಬಾಯಿಂದ ಬರಲಿಲ್ಲ. "ಇಷ್ಟೊಂದ್ ಸೀರಿಯಸ್ ಆಗುತ್ತೆ ಅಂತ ಗೊತ್ತಿರ್ಲಿಲ್ಲ ಮೇಡಂ" ಎಂದ. ಗೊತ್ತಿರಲಿಲ್ಲವಂತೆ. ಅವನಿಗೆ ಗೊತ್ತಿತ್ತು ಎಂದು ಅವನ ಕಂಪ್ಯೂಟರೇ ಸಾಕ್ಷಿ ಹೇಳಿತ್ತು.

ಹೊಸ ವಿಡಿಯೋ ನೋಡಿದವರು ಬೆರಳೆಣಿಕೆಯಷ್ಟು ಜನ. ಹಳೆಯದು ಅಳಿಸಿದ ಮೇಲೂ ವಾಟ್ಸಾಪಿನಲ್ಲಿ ಊರೂರು ತಿರುಗುತ್ತಲೇ ಇತ್ತು. ಯಾರೋ ಅದಕ್ಕೆ ತಮ್ಮದೇ ಹೆಸರು ಬೇರೆ ಅಂಟಿಸಿಕೊಂಡಿದ್ದರು. ನಾನು ಕಳಿಸಿದ್ದ ಎರಡೂ ಗುಂಪುಗಳಲ್ಲಿ ಉದ್ದಕ್ಕೆ ಬರೆದು ಹಾಕಿದೆ. ಕುಣಿಗಲ್ಲಿಗೆ ಹೋಗಿ ಅಮ್ಮಿಯ ಮುಂದೆ ಕೂತು ಪೂರ್ತಿ ವಿಡಿಯೋ ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿಕೊಂಡು ಕೊನೆಯವರೆಗೆ ನೋಡಿ, "ಕಡ್ಡಿ ನೆಡೋದನ್ನ ಸರಿಯಾಗಿ ಹೇಳಿದ್ದೀಯ" ಎಂದರು. ಆಮೇಲೆ ತಟ್ಟೆಗೆ ಅನ್ನ ಬಡಿಸಿದರು.

ಸೊಸೆ ನಾಲ್ಕು ದಿನ ಕ್ಲಿನಿಕ್ಕಿನಲ್ಲಿದ್ದಳು, ಮತ್ತೆ ಎರಡು ತಿಂಗಳು ಮಂಚ ಬಿಟ್ಟು ಏಳಲಿಲ್ಲ. ದಿನ ತುಂಬಿದ ಮೇಲೆ ಹೆಣ್ಣು ಮಗು ಹುಟ್ಟಿತು. ಆರೋಗ್ಯವಾಗಿದೆ. ಬಾಣಂತನಕ್ಕೆ ತವರಿಗೆ ಹೊರಡುವ ಮುಂಚೆ ಅವಳೇ ಮಗುವನ್ನು ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿ ಮಲಗಿಸಿದಳು. ಅವಳ ಅತ್ತೆ ಮಾತ್ರ ಇವತ್ತಿನವರೆಗೆ, ಡಾಕ್ಟರ ಮುಂದೆ ಬೆರಳು ತೋರಿಸಿದ್ದರ ಬಗ್ಗೆ ಒಂದು ಮಾತು ಆಡಿಲ್ಲ. ಯುಗಾದಿಗೆ ಒಬ್ಬಟ್ಟು ಬಂತು. ತಿಂದೆವು. ಒಬ್ಬಟ್ಟು ಕ್ಷಮಾಪಣೆಯಲ್ಲ ಎಂದು ನಾನಂದರೆ, ಗಂಡ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಬೇಲಿಯನ್ನು ಏನು ಮಾಡುವುದು ಎಂದು ತುಂಬ ದಿನ ಯೋಚಿಸಿದೆ. ಬುಡಸಮೇತ ಕಿತ್ತು ಹಾಕಿಬಿಡೋಣ ಎಂದು ಒಂದು ಸಲ ಗುದ್ದಲಿಯನ್ನೂ ತೆಗೆದೆ. ಆದರೆ ಗಿಡ ಮಾಡಿದ ತಪ್ಪೇನು? ಅದು ಯಾರಿಗೂ ಸುಳ್ಳು ಹೇಳಿರಲಿಲ್ಲ. ಕಹಿಯನ್ನು ಎಲೆ ಎಲೆಯಲ್ಲೂ ಮುಚ್ಚುಮರೆಯಿಲ್ಲದೆ ಇಟ್ಟುಕೊಂಡು ನಿಂತಿತ್ತು. ಮುರಿದ ರೆಂಬೆಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಸವರಿ, ಬುಡಕ್ಕೆ ಗೊಬ್ಬರ ಹಾಕಿ, ಹೊರಗಡೆಯಿಂದ ತಂತಿ ಬಲೆ ಕಟ್ಟಿಸಿದೆ. ಮಳೆ ಬಿದ್ದ ಮೇಲೆ ಒಂದೊಂದು ಬೊಡ್ಡೆಯಿಂದಲೂ ಆರೇಳು ಚಿಗುರು ಒಡೆದವು. ಎಲೆ ಕೇಳಲು ಬಂದವರನ್ನು ಈಗ ಗೇಟಿನ ಒಳಗೆ ಕರೆದು ಕೂರಿಸಿ, ಎಲ್ಲವನ್ನೂ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸಿಕೊಂಡು ಆಮೇಲೆ ಕೊಡುತ್ತೇನೆ. ಸಿಡುಕಿಕೊಂಡು ಎದ್ದು ಹೋದವರೂ ಇದ್ದಾರೆ. ಹೋಗಲಿ.

ಹೋದ ತಿಂಗಳು ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು, ವಸಂತನರಸಾಪುರದ ಫ್ಯಾಕ್ಟರಿಯ ಐಡಿ ಕಾರ್ಡ್ ಕೊರಳಲ್ಲಿ ಹಾಕಿಕೊಂಡವರು, ನನ್ನನ್ನೇ ಎರಡು ಮೂರು ಸಲ ನೋಡಿ ಕೇಳಿದರು.

"ನೀವು ಆ ಆಡುಸೋಗೆ ಮೇಡಂ ಅಲ್ವಾ? ದಿನಾ ಎರಡು ಲೋಟ?"

ನನಗೆ ಏನಾಯಿತೋ. ಅವರ ಕಡೆಗೆ ಪೂರ್ತಿ ತಿರುಗಿ ಕೂತು, ಮೊದಲಿನಿಂದ ಶುರು ಮಾಡಿದೆ. ವಾಂತಿಯಾದದ್ದು, ಬಸುರಿಯರು, ಮಕ್ಕಳು, ಆ ಭಾನುವಾರ, ಕ್ಲಿನಿಕ್ಕು, ಸ್ಟುಡಿಯೋ, ಒಂದನ್ನೂ ಬಿಡಲಿಲ್ಲ. ಇಂಜಿನ್ ಸದ್ದಿಗೆ ನನ್ನ ದನಿ ಏರುತ್ತಾ ಹೋಯಿತು. ಮುಂದಿನ ಸೀಟಿನವರು ತಿರುಗಿದರು. ಕಂಡಕ್ಟರು ಕಂಬಕ್ಕೆ ಒರಗಿ ನಿಂತು ಕೇಳಿದರು. ನಾನು ಮುಗಿಸಿದಾಗ ಆ ಹೆಂಗಸು ಬ್ಯಾಗಿನಲ್ಲಿ ಫೋನ್ ಹುಡುಕುತ್ತಿದ್ದರು.

"ನಮ್ ತಂಗೀಗೆ ಮೂರ್ ತಿಂಗ್ಳು ಮೇಡಂ. ನಾನೇ ಕಳ್ಸಿದ್ದೆ ಅದನ್ನ" ಎಂದು ಹೇಳುತ್ತಲೇ ನಂಬರ್ ಒತ್ತಿ ಫೋನನ್ನು ಕಿವಿಗೆ ಹಿಡಿದರು. "ಏನ್ಲೇ, ಎಲ್ಲಿದೀಯ? ಆ ಸೊಪ್ಪಿನ ಕಷಾಯ ಕುಡುದ್ಯೇನೇ? ಇಲ್ವಾ? ಸದ್ಯ. ಕುಡೀಬೇಡ. ಮುಟ್ಟಬೇಡ ಕಣೇ. ಇಲ್ಲಿ ಮೇಡಂ ಪಕ್ಕದಲ್ಲೇ ಅವ್ರೆ, ತಡಿ, ಅವ್ರ ಬಾಯಲ್ಲೇ ಕೇಳು" ಎಂದು ಫೋನನ್ನು ನನ್ನ ಕೈಗೆ ಕೊಟ್ಟರು.